ತೋಟಕ್ಕೆ ಹತ್ತು ವರ್ಷ: ನಿಮಗೆಲ್ಲ ನನ್ನ ನಮಸ್ಕಾರ

ಬೆಂಗಳೂರಿನ ಬನಶಂಕರಿಯ ನಮ್ಮ ಬಡಾವಣೆಯ ಕೈತೋಟಕ್ಕೆ ಈ ಯುಗಾದಿಗೆ ಹತ್ತು ವರ್ಷ ತುಂಬಿತು. ಮೊನ್ನೆ ನನಗೆ ಶಾಲು ಹೊದಿಸಿ, ಹಾರ ಹಾಕಿದಿರಿ. ಅಲ್ಲಿ ಗಂಟಲು ಕಟ್ಟಿ ಮಾತೇ ಬರಲಿಲ್ಲ. ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮ ಬೀದಿಯ ಪೌರಕಾರ್ಮಿಕ ಅಕ್ಕಂದಿರಿಗೆ. ಶುರುವಿನಲ್ಲಿ ಇದು ಕಟ್ಟಡದ ಕಸ ಸುರಿದಿದ್ದ ಸೈಟು. ಗುದ್ದಲಿ ಹಾಕಿದರೆ ಬರೀ ಇಟ್ಟಿಗೆ ಚೂರು. ಅಲ್ಲಿ ಮಣ್ಣು ಅಂತ ಆಗಿದ್ದೇ ಎಲೆಗೊಬ್ಬರದಿಂದ. ಹೊಂಗೆ ಎಲೆ ಉದುರುವ ಕಾಲಕ್ಕೆ ಈ ಅಕ್ಕಂದಿರು ಅದರಲ್ಲಿನ ಪ್ಲಾಸ್ಟಿಕ್ ಆರಿಸಿ, ಗೋಣಿಚೀಲಕ್ಕೆ ತುಂಬಿ, ನಮ್ಮ ಗೇಟಿಗೆ ಒರಗಿಸಿ ಹೋಗುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ ಅದು. ನಾವು ಜಾಲರಿಯೊಳಗೆ ತುಂಬಿ, ಸಗಣಿ ನೀರು, ಹುಳಿ ಮಜ್ಜಿಗೆ ಚಿಮುಕಿಸಿ ಆಗಾಗ ತಿರುವಿದೆವು, ಅಷ್ಟೇ.

ಇನ್ನು 2024ರ ಬೇಸಿಗೆ. ಬೋರ್‌ವೆಲ್ ಬತ್ತಿತ್ತು. ಗಿಡಕ್ಕೆ, ಕಾರು ತೊಳೆಯೋದಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಅಂತ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಮಾಡಿತು. ಅದು ಸರಿಯೇ. ಜನ ಟ್ಯಾಂಕರ್ ಕಾಯುತ್ತಿರುವಾಗ ತೋಟಕ್ಕೆ ನೀರು ಕೇಳಲು ಬಾಯಿ ಬರುತ್ತದಾ? ಕೇಳದೆಯೇ ಕೊಟ್ಟಿರಿ. ಎದುರಿನ ಅಪಾರ್ಟ್‌ಮೆಂಟಿನವರು ತಮ್ಮ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರಿಗೆ ಪೈಪ್ ಎಳೆದುಕೊಟ್ಟಿರಿ. ಅದು ನುಗ್ಗೆ, ಬಾಳೆ ಬುಡಕ್ಕೆ ಹೋಯಿತು. ಸೊಪ್ಪಿನ ಮಡಿಗೆ ಆ ನೀರು ಬೇಡ ಅಂದಾಗ ಮನೆಮನೆಯಿಂದ ಅಕ್ಕಿ, ತರಕಾರಿ ತೊಳೆದ ನೀರು ಬಂತು. ನನಗಿಂತ ಹಿರಿಯರಾದ ಒಬ್ಬ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದಿನಾ ಸಂಜೆ ಸ್ಟೀಲ್ ಬಕೆಟ್ ತರುತ್ತಿದ್ದರು. "ಬಸಳೆಗೇ ಹಾಕಿ, ಅದು ನಾನು ನೆಟ್ಟ ಬಳ್ಳಿ" ಅನ್ನುತ್ತಿದ್ದರು. ಆ ಬಸಳೆ ಬದುಕಿತು.

ನನ್ನ ಮಂಡಿ ಆಪರೇಷನ್ ಆದಮೇಲೆ ಇನ್ನು ತೋಟದ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಬಗ್ಗುವ ಹಾಗಿಲ್ಲ, ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ. ವಾಪಸ್ ಬಂದರೆ ನಮ್ಮ ಹುಡುಗರು ಹಳೇ ಇಟ್ಟಿಗೆಯಲ್ಲೇ ಸೊಂಟದೆತ್ತರಕ್ಕೆ ಒಂದು ಮಡಿ ಕಟ್ಟಿದ್ದರು. ನಿಂತೇ ಕಳೆ ಕೀಳಬಹುದು, ನಿಂತೇ ಬಿತ್ತಬಹುದು. ರಿಟೈರ್ ಆದಮೇಲೆ ನನಗೆ ಇಷ್ಟು ದೊಡ್ಡ ಉಡುಗೊರೆ ಬೇರೆ ಯಾರೂ ಕೊಟ್ಟಿಲ್ಲ ಮಕ್ಕಳೇ.

ಗೇಟಿನ ಬೀಗದ ಕೈ ಇನ್ನು ಈ ಹುಡುಗರ ಹತ್ತಿರವೇ ಇರುತ್ತದೆ. ಗೊಬ್ಬರದ ಲೆಕ್ಕ, ಬೀಜದ ಡಬ್ಬಿ ಎಲ್ಲ ಒಪ್ಪಿಸಿದ್ದೇನೆ. ಭಾನುವಾರ ಬೆಂಡೆ, ದಂಟು ಬಿತ್ತುವುದಿದೆ. ನಾನೂ ಬರುತ್ತೇನೆ.