ಅಮೆರಿಕದ ಟೆನ್ನೆಸ್ಸೀಯಿಂದ ಅಪ್ಪನಿಗೆ

ಪ್ರೀತಿಯ ಅಪ್ಪ,

ನಮಸ್ಕಾರ. ಭಾಗಮಂಡಲದಲ್ಲಿ ಹೊಳೆ ರಸ್ತೆಗೆ ಹತ್ತಿದ ವಿಡಿಯೋ ತಮ್ಮ ಕಳಿಸಿದ್ದ. ಅಷ್ಟು ಮಳೆಯ ನಡುವೆ ತೋಟಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಸಲು ಬಿಡುವು ಸಿಕ್ಕಿತೇ?

ನನ್ನ ಕೆಲಸ ಏನೆಂದು ಅವ್ವ ಕೇಳುತ್ತಲೇ ಇದ್ದಾಳೆ, ಈ ಪತ್ರ ಅವಳಿಗೂ ಓದಿ ಹೇಳಿ. ಇಲ್ಲಿಯ ಹೊಳೆಗಳಲ್ಲಿ ಕ್ರೇಫಿಶ್ ಇವೆ. ಮೈ ಸಿಗಡಿಯದು, ಮುಂದೆ ಏಡಿಯ ಹಾಗೆ ಎರಡು ದೊಡ್ಡ ಕೊಂಡಿ. ನಮ್ಮ ದೇಶದ ಹೊಳೆಗಳಲ್ಲಿ ಇದು ಸಹಜವಾಗಿ ಇಲ್ಲ. ಒಂದು ತೊರೆಯಲ್ಲಿ ನಮಗೆ ಸಿಕ್ಕಿರುವುದು ಈವರೆಗೆ ಹೆಸರಿಲ್ಲದ ಜಾತಿಯೆಂದು ಕಾಣುತ್ತದೆ.

ಹಾಗೆಂದು ಹೇಳಿದರೆ ಸಾಲದು, ತೋರಿಸಬೇಕು. ಬಣ್ಣವನ್ನು ನಂಬುವಂತಿಲ್ಲ, ಪೊರೆ ಬಿಟ್ಟಾಗ ಒಂದು ಥರ, ಹಳತಾದಾಗ ಇನ್ನೊಂದು ಥರ. ನೋಡಬೇಕಾದದ್ದು ಗಂಡಿನ ಹೊಟ್ಟೆಯಡಿಯ ಮೊದಲ ಜೋಡಿ ಪುಟ್ಟ ಕಾಲುಗಳನ್ನು. ಇಲ್ಲಿಯ ಜಾತಿಗಳಲ್ಲಿ ಅವುಗಳ ತುದಿಯ ಆಕಾರ ಬೇರೆಬೇರೆ. ಆದರೆ ಗಂಡು ಎರಡು ರೂಪಗಳ ನಡುವೆ ಓಡಾಡುತ್ತದೆ: ಕೂಡುವ ಕಾಲ ಬಂದಾಗ ಪೊರೆ ಬಿಟ್ಟು ಆ ತುದಿ ಗಟ್ಟಿಯಾಗಿ ಚೂಪಾಗುತ್ತದೆ, ಕಾಲ ಮುಗಿದರೆ ಮತ್ತೆ ಮೊಂಡು. ಗಟ್ಟಿ ತುದಿಯ ಗಂಡು ಸಿಗುವ ತನಕ ವಿವರಣೆ ಬರೆಯಲು ಕೈ ಬರುವುದಿಲ್ಲ. ಸಿಕ್ಕಿದರೆ ಆ ಒಂದನ್ನು ಮಾದರಿಯೆಂದು ಆಲ್ಕೋಹಾಲಿನಲ್ಲಿಟ್ಟು ಮ್ಯೂಸಿಯಂಗೆ ಕೊಡುತ್ತೇವೆ, ಮುಂದೆ ಹೆಸರಿನ ತಕರಾರು ಬಂದರೆ ಎಲ್ಲರೂ ಅದನ್ನೇ ನೋಡಬೇಕು.

ಇದೇ ರಾಜ್ಯದ ಶೋಲ್ ಕ್ರೀಕಿನಲ್ಲಿ ಸುಮಾರು ಐದು ಇಂಚಿನ, ಮೀಸೆಯ ತುಂಬ ರೋಮವಿರುವ ಬಾರ್ಬಿಕಾಂಬರಸ್ ಸಿಮನ್ಸಿ ಎಂಬುದು 2011ರಲ್ಲಷ್ಟೇ ವಿಜ್ಞಾನಕ್ಕೆ ಗೊತ್ತಾಯಿತು. ಅದು ದೊಡ್ಡ ಬಂಡೆಗಳ ಅಡಿಯಲ್ಲಿತ್ತು. ಅದರದೇ ಕುಲದ ಇನ್ನೊಂದೇ ಒಂದು ಜಾತಿಗೆ ಹೆಸರಿಟ್ಟದ್ದು 1884ರಲ್ಲಿ! ಇಷ್ಟು ಹುಡುಕಿದ ನಾಡಿನಲ್ಲೇ ಹೀಗಾದರೆ ನಮ್ಮ ತೋಡುಗಳ ಕಥೆ ಏನು ಎಂದು ನನಗೆ ನಿದ್ದೆ ಬರುವುದಿಲ್ಲ. 2022ರಲ್ಲಿ ಯಲ್ಲಾಪುರದ ಕಡೆಯಿಂದ ಘಾಟಿಯಾನ ದ್ವಿವರ್ಣ ಎಂಬ ಹೊಸ ಏಡಿ ಪ್ರಕಟವಾಯಿತಲ್ಲ, ಅದನ್ನು ಹುಡುಕಿದವರಲ್ಲಿ ಅರಣ್ಯ ಇಲಾಖೆಯ ನೌಕರರೊಬ್ಬರೂ ಇದ್ದರು. ಹೆಸರೇ ಇಲ್ಲದ ಜೀವ ಸಂರಕ್ಷಣಾ ಪಟ್ಟಿಗೆ ಹೋಗುವುದು ತೀರಾ ಅಪರೂಪ, ಕಾಣೆಯಾದರೂ ಲೆಕ್ಕಕ್ಕೆ ಸಿಗುವುದಿಲ್ಲ.

ಅದಕ್ಕೇ ಒಂದು ಮಾತು. ಬೋರ್ಡೋ ಕಲಸಿದ ಡ್ರಮ್ಮು, ಸ್ಪ್ರೇಯರುಗಳನ್ನು ತೋಡಿನಲ್ಲಿ ತೊಳೆಯದಂತೆ ಕೆಲಸದವರಿಗೆ ಹೇಳಿ. ಮೈಲುತುತ್ತದ ತಾಮ್ರ ಏಡಿ, ಸಿಗಡಿಗಳಿಗೆ ವಿಷ. ತೊಳೆದ ನೀರನ್ನು ತೋಟದೊಳಗೇ, ತೋಡಿನಿಂದ ದೂರ ಚೆಲ್ಲಿದರಾಯಿತು. ತಮ್ಮನಿಗೆ ಹೇಳಿ, ಗದ್ದೆ ಬದುವಿನಲ್ಲಿ ಏಡಿ ಕಂಡರೆ ಬೆನ್ನು, ಹೊಟ್ಟೆ ಎರಡರ ಫೋಟೋ ತೆಗೆದು, ಜಾಗ ಬರೆದು ಕಳಿಸಲಿ.

ಅವ್ವನ ಮಂಡಿನೋವಿಗೆ ಎಣ್ಣೆ ತಪ್ಪಿಸಬೇಡಿ.

ನಿಮ್ಮ ಮಗಳು