ಅಜ್ಜನ ಟ್ರಂಕಿನ ಮೇಲಿದ್ದ ಹೆಸರು

ಧಾರವಾಡ

ಪ್ರೀತಿಯ ಪುಟ್ಟಿ,

ಅಜ್ಜನ ಟ್ರಂಕಿಗೆ ಬಣ್ಣ ಹೊಡೆಸುವುದನ್ನು ಅರ್ಧಕ್ಕೇ ನಿಲ್ಲಿಸಿದ್ದೇನೆ. ತಗಡಿನ ಪೆಟ್ಟಿಗೆಗೆ ಇಷ್ಟು ದೊಡ್ಡ ರಾಮಾಯಣವಾ ಅಂತ ನೀನು ಮೊನ್ನೆ ನಕ್ಕೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮುಚ್ಚಳದ ಹಸಿರು ಬಣ್ಣ ಉಜ್ಜುತ್ತಿದ್ದಾಗ ಕೆಳಗೆ ಬಿಳಿ ಅಕ್ಷರ ಕಾಣಿಸಿದವು. ಒಂದು ನಂಬರು, ಒಂದು ಹೆಸರು, ಆಮೇಲೆ 16. ಮುಂದಿನದನ್ನು ತುಕ್ಕು ತಿಂದಿದೆ. ಹೆಸರು ಅಜ್ಜನದ್ದಲ್ಲ. ಆಗ ನೆನಪಾಯಿತು. 1950ರಲ್ಲಿ ತಾನಿದ್ದ ಫೌಜಿನ ರೆಜಿಮೆಂಟಿನ ಒಬ್ಬ ಹಳಬನಿಂದ ಐದು ರೂಪಾಯಿಗೆ ಕೊಂಡಿದ್ದು, 'ಬರ್ಮಾದಲ್ಲಿ ಹೋದವನ ಪೆಟ್ಟಿಗೆ' ಅಂತ ಅಜ್ಜ ಒಮ್ಮೆ ಹೇಳಿದ್ದರು. ಸತ್ತವರ ಸಾಮಾನನ್ನು ಅಲ್ಲೇ ಹರಾಜು ಹಾಕಿ ದುಡ್ಡನ್ನು ಮನೆಗೆ ಕಳಿಸುವುದು ಫೌಜಿನ ರೂಢಿ. ಅಜ್ಜ ಜಾಸ್ತಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಎರಡು ತಿಂಗಳು ಬೇರೆಯವನ ಬೆನ್ನು ಹತ್ತಿದ್ದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ, ಅಂದರೆ ಯುದ್ಧದಲ್ಲಿ ಸತ್ತವರ ಗೋರಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆಯ, ಪಟ್ಟಿಯಲ್ಲಿ ಅದೇ ಹೆಸರಿನವನು ಸಿಕ್ಕ, 16ನೇ ಪಂಜಾಬ್ ರೆಜಿಮೆಂಟು. ಸಿಕ್ಕೇಬಿಟ್ಟ ಅಂತ ನಿನಗೆ ಮೆಸೇಜೂ ಹಾಕಿದ್ದೆ, ನೆನಪಿದೆಯಾ? ನಂಬರು ತಾಳೆಯಾಗಲಿಲ್ಲ. ಬರೆದುಕೊಂಡವರ ತಪ್ಪಿರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ರಾತ್ರಿ ಆ ನಮೂದನ್ನು ಮತ್ತೆ ಓದುವಾಗ ಒಂದು ಪದ ಚುಚ್ಚಿತು: ಸಿಪಾಯಿ. ಅಂದರೆ ಕಾಲಾಳು. ಅಜ್ಜ ಯಾವತ್ತಾದರೂ ತಾನು ಸಿಪಾಯಿ ಅಂದಿದ್ದಾರಾ? 'ನಾನು ಸವಾರ್' ಅನ್ನುತ್ತಿದ್ದರು. ಕುದುರೆ ಹೋಗಿ ಗಾಡಿ ಬಂದರೂ ಅಶ್ವದಳದವನು ಸವಾರನೇ.

ಹಾಗಾಗಿ ಅದು 16ನೇ ಲೈಟ್ ಕ್ಯಾವಲ್ರಿ, ಅಜ್ಜನದೇ ರೆಜಿಮೆಂಟು. ಮೂಲದಲ್ಲಿ ಮದ್ರಾಸಿನದು. ಆದರೆ ಯುದ್ಧದ ಕಾಲಕ್ಕೆ ಅದರಲ್ಲಿ ಇದ್ದವರು ಜಾಟರು, ರಜಪೂತರು, ಕಾಯಂಖಾನಿ ಮುಸ್ಲಿಮರು. ನಮ್ಮ ಕಡೆಯವರನ್ನು ಸೇರಿಸಿಕೊಂಡಿದ್ದು 1946ರಿಂದ ಈಚೆಗೆ. ಟ್ರಂಕಿನವನ ಊರು ರಾಜಸ್ಥಾನದಲ್ಲಿದೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೊದಲು ಅವನ ಮನೆಯವರು ಸಿಗಲಿ.

1945ರಲ್ಲಿ ಅವರದು ಆರ್ಮರ್ಡ್ ಕಾರ್ ರೆಜಿಮೆಂಟು. ಕಮಾಂಡರ್ ಜೆ.ಎನ್. ಚೌಧರಿ. ಬೀದರ್, ಕಲಬುರಗಿ ಕಡೆಯ ಹಳಬರನ್ನು ಕೇಳು, ಹೈದರಾಬಾದ್ ಮೇಲಿನ 1948ರ ಪೊಲೀಸ್ ಆಕ್ಷನ್ನಿನ ಚೌಧರಿ ಅನ್ನುತ್ತಾರೆ. ಅವರೇ. ಮುಂದೆ ಸೇನಾ ಮುಖ್ಯಸ್ಥರೂ ಆದರು. ಕ್ವೆಟ್ಟಾದಿಂದ ಇಂಫಾಲದವರೆಗೆ ರೆಜಿಮೆಂಟನ್ನು ರಸ್ತೆಯಲ್ಲೇ ತಂದವರು.

ಅವರ ಡೈಮ್ಲರ್ ಆರ್ಮರ್ಡ್ ಕಾರಿನ ನಕ್ಷೆ ನೋಡುತ್ತಾ ಒಂದು ಸಂಜೆ ಕಳೆದೆ. ಒಳಗೆ ಮೂರೇ ಜನ. ಹಿಂದಕ್ಕೆ ಓಡಿಸಲು ಹಿಂಬದಿಯಲ್ಲೂ ಒಂದು ಸ್ಟೀರಿಂಗ್. ಗೇರು ಮುಂದಕ್ಕೆ ಎಷ್ಟೋ ಹಿಂದಕ್ಕೂ ಅಷ್ಟೇ. ಯಾಕೆ ಅಂದರೆ ಇದರ ಕೆಲಸ ಟ್ಯಾಂಕಿನ ಹಾಗೆ ನಿಂತು ಗುದ್ದಾಡುವುದಲ್ಲ. ಮುಂದೆ ಹೋಗಿ ವೈರಿ ಎಲ್ಲಿದ್ದಾನೆ ನೋಡಿ, ವೈರ್‌ಲೆಸ್ಸಿನಲ್ಲಿ ಹೇಳಿ, ವಾಪಸ್ ಬರಬೇಕು. ಉಕ್ಕಿನ ತಗಡು ಎಲ್ಲಕ್ಕಿಂತ ದಪ್ಪ ಇರುವ ಕಡೆಯೂ 16 ಮಿಲಿಮೀಟರ್. ಸ್ಕೇಲು ತಂದು ಅಳೆದೆ, ನನ್ನ ಹೆಬ್ಬೆರಳಿನಷ್ಟೂ ಇಲ್ಲ. ಅಷ್ಟನ್ನು ನಂಬಿಕೊಂಡು ಎಲ್ಲರಿಗಿಂತ ಮುಂದೆ ಹೋಗಬೇಕು.

ಮಾರ್ಚ್ ಮೊದಲ ವಾರದಲ್ಲಿ ಇವರ ಕಡೆಯವರು ಬರ್ಮಾದ ಮೇಕ್ಟಿಲಾ ಅನ್ನುವ ಊರು ಹಿಡಿದರು. ಆಮೇಲೆ ಜಪಾನಿಗಳು ಊರನ್ನೇ ಸುತ್ತುವರಿದರು. ತಿಂಗಳ ಕೊನೆಯವರೆಗೂ ಕಾದಾಟ. ಊರಿಂದ ಹೊರಡುವ ರಸ್ತೆಗಳನ್ನು ಮತ್ತೆ ಮತ್ತೆ ಹೋಗಿ ತೆರವು ಮಾಡಬೇಕಿತ್ತು. ನಮ್ಮವನ ಸಾವಿನ ತಾರೀಖು ಅದೇ ಮಾರ್ಚ್ ತಿಂಗಳಿನದು. ಗೋರಿ ಇಲ್ಲ. ಯಾಂಗೊನ್, ಅಂದರೆ ಹಿಂದಿನ ರಂಗೂನ್ ಹತ್ತಿರ ತೌಕ್ಯಾನ್ ಅಂತ ಒಂದು ಜಾಗ. ಅಲ್ಲಿರುವ ರಂಗೂನ್ ಸ್ಮಾರಕದ ಕಂಬಗಳ ಮೇಲೆ, ಸಿಗಬೇಕಾದ ಅಂತ್ಯಕ್ರಿಯೆ ಸಿಗದ ಸುಮಾರು 27,000 ಜನರ ಹೆಸರುಗಳಿವೆ. ಅದರಲ್ಲಿ ಇವನದೂ ಒಂದು.

ಅವನ ಸರ್ವಿಸ್ ದಾಖಲೆ ಇಂಗ್ಲೆಂಡಿಗೆ ಹೋಗಿಲ್ಲ, ಅದಕ್ಕೆ ಇಲ್ಲೇ ಅರ್ಜಿ ಹಾಕಿದ್ದೇನೆ. ಆದರೆ ಒಂದೊಂದು ರೆಜಿಮೆಂಟೂ ದಿನಾ ಬರೆದಿಡುತ್ತಿದ್ದ ಯುದ್ಧದ ದಿನಚರಿಗಳು ನಿನ್ನ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಬರ್ಮಾದವು ಡಬ್ಲ್ಯು.ಓ. 172 ಅನ್ನುವ ಸಾಲಿನಲ್ಲಿ. ರೀಡರ್ ಟಿಕೆಟ್ಟಿಗೆ ದುಡ್ಡಿಲ್ಲ. ಪಾಸ್‌ಪೋರ್ಟು, ವಿಳಾಸದ ಪುರಾವೆ ಒಯ್ಯಿ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ಲೇ ಬೇಕು. ಫೋನಿನಲ್ಲಿ ಫೋಟೊ ತೆಗೆಯಬಹುದು.

ಒಂದು ಮಾತು ಮೊದಲೇ ಹೇಳಿರುತ್ತೇನೆ. ಅವನ ಹೆಸರು ಅಲ್ಲಿ ಇರುವ ನಂಬಿಕೆ ಇಲ್ಲ. ದಿನಚರಿ ಬರೆಯುತ್ತಿದ್ದವರು ಆಫೀಸರರು. ಆಫೀಸರ್ ಸತ್ತರೆ ಹೆಸರು ಬರೆಯುತ್ತಿದ್ದರು, ಸವಾರ ಸತ್ತರೆ ಸಾಮಾನ್ಯವಾಗಿ ಲೆಕ್ಕ ಮಾತ್ರ: ಐ.ಓ.ಆರ್. ಇಷ್ಟು. ಇಂಡಿಯನ್ ಅದರ್ ರ‍್ಯಾಂಕ್ಸ್ ಅಂತ. ಇದು ನನಗೆ ಹೊಟ್ಟೆ ಉರಿಸುತ್ತದೆ, ಇರಲಿ. ಕಲ್ಲಿನ ಮೇಲೆ ಹೆಸರಿದೆ, ಏನಾಯಿತು ಅಂತಿಲ್ಲ. ದಿನಚರಿಯಲ್ಲಿ ಏನಾಯಿತು ಅಂತಿದ್ದರೂ ಹೆಸರಿರುವುದಿಲ್ಲ. ಎರಡನ್ನೂ ಸೇರಿಸಬೇಕಾದದ್ದು ತಾರೀಖು. ಅವತ್ತಿನ ಹಾಳೆಯಲ್ಲಿ 1 ಅಂತಿದ್ದರೆ ಬಹುಮಟ್ಟಿಗೆ ಅವನೇ. 3 ಅಂತಿದ್ದರೆ ಅದೇ ದಿನ ಸತ್ತ ಇನ್ನಿಬ್ಬರನ್ನೂ ಹುಡುಕೋಣ. ಹಿಂದಿನ ದಿನ, ಮರುದಿನದ ಹಾಳೆಗಳನ್ನೂ ಬಿಡಬೇಡ. ಎಷ್ಟೋ ಸಲ ಸುದ್ದಿ ತಡವಾಗಿ ಬಂದಿರುತ್ತದೆ.

ನಂಬರು, ತಾರೀಖು ಇರುವ ಚೀಟಿಯನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಟ್ರಂಕು ಪಡಸಾಲೆಯಲ್ಲೇ ಇದೆ, ಅಮ್ಮ ಅದರ ಮೇಲೆ ಬಟ್ಟೆ ಮಡಚಿ ಇಡದ ಹಾಗೆ ಕಾಯುತ್ತಿದ್ದೇನೆ.

ನಿನ್ನ,
ಅಪ್ಪ