ಮಗಳಿಗೊಂದು ಪತ್ರ: ಕೊನೆಯಿಲ್ಲದ ಹಾಡುಗಳ ಕಛೇರಿ

ಪ್ರೀತಿಯ ಪುಟ್ಟಿ,

ವಿಡಿಯೋ ಗೇಮ್ ಸಂಗೀತದ ಕಛೇರಿಗೆ ನೀನು ತಗೊಂಡಿದ್ದ ಟಿಕೆಟ್ ದಂಡ ಆಗಲಿಲ್ಲ. ಕೊನೇ ಗಳಿಗೆಯಲ್ಲಿ ನಿನ್ನ ಡ್ಯೂಟಿ ಬದಲಾಯಿತಲ್ಲ ಅಂತ ಬೇಜಾರಿದ್ದರೂ, ಅದರಿಂದ ನನಗೊಂದು ಕಛೇರಿ ಸಿಕ್ಕಿತು. ನೀನು ನೈಟ್ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ನಾನೂ ಅಪ್ಪನೂ ಹೀತ್ರೂ ದಾರಿಯಲ್ಲಿರುತ್ತೇವೆ. ಫೋನಿನಲ್ಲಿ ಹೇಳೋಣ ಅಂದರೆ ಅರ್ಧ ನಿದ್ದೆಯಲ್ಲಿ ಬರೀ ‘ಹೂಂ, ಹೂಂ’ ಅನ್ನುತ್ತೀಯ. ಅದಕ್ಕೇ ಬರೆದಿಡುತ್ತಿದ್ದೇನೆ. ಫ್ರಿಜ್‌ನಲ್ಲಿ ಬಿಸಿಬೇಳೆಬಾತ್ ಇದೆ. ತಿಂದು, ಮಲಗಿ ಎದ್ದು, ಆಮೇಲೆ ಓದು.

ಸಂಗೀತದ ಮಾತಿಗೆ ಮುಂಚೆ ಜನರ ಮಾತು. ನಿಮ್ಮ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಅಂದರೆ 1871ರ ಕಟ್ಟಡ, ದೊಡ್ಡ ದೊಡ್ಡವರು ನುಡಿಸಿದ ಜಾಗ ಅಂತ ಅಪ್ಪ ಬೆಳಗಿನಿಂದ ಹೆದರಿಸಿದ್ದರು. (ಅವರು ಮಾತ್ರ ಪ್ಯಾಕಿಂಗ್ ನೆಪ ಹೇಳಿ ತಪ್ಪಿಸಿಕೊಂಡರು.) ನಾನು ಹಸಿರು ಮೈಸೂರು ಸಿಲ್ಕ್ ಉಟ್ಟು, ನಿನ್ನ ರೂಮ್‌ಮೇಟ್ ಜೊತೆ ಹೋದೆ. ನೋಡಿದರೆ ಬಾಗಿಲಲ್ಲೇ ಹಳದಿ ಕೂದಲನ್ನು ಮುಳ್ಳಿನ ಹಾಗೆ ನಿಲ್ಲಿಸಿಕೊಂಡ ಹುಡುಗರು, ಉದ್ದ ನಿಲುವಂಗಿ ತೊಟ್ಟ ಹುಡುಗಿಯರು, ಕಂಕುಳಲ್ಲಿ ಬೊಂಬೆ ಇಟ್ಟುಕೊಂಡ ನನ್ನ ವಯಸ್ಸಿನ ಗಂಡಸು. ಒಬ್ಬ ಹುಡುಗಿ ನನ್ನ ಸೀರೆ ನೋಡಿ, ‘ತುಂಬಾ ಚೆನ್ನಾಗಿದೆ, ನೀವು ಯಾವ ಆಟದ ಪಾತ್ರ?’ ಅಂತ ಕೇಳಿದಳು. ಮೈಸೂರಿನವಳು ಅಂದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು, ಹೊಸ ಆಟ ಯಾವುದೋ ಬಂದಿರಬೇಕು ಅಂದುಕೊಂಡಳೋ ಏನೋ.

ಒಳಗೆ ಹೋಗಿ ಮೇಲೆ ನೋಡಿದರೆ ಚಾವಣಿಯಿಂದ ದೊಡ್ಡ ದೊಡ್ಡ ಅಣಬೆಗಳು ತೂಗುತ್ತಿವೆ. ಗುಮ್ಮಟದಿಂದಾಗಿ ಈ ಹಾಲ್‌ನಲ್ಲಿ ಪ್ರತಿಧ್ವನಿಯ ಕಾಟ ಮೊದಲಿನಿಂದಲೂ ಇತ್ತಂತೆ. ಅದನ್ನು ತಗ್ಗಿಸಲು 1969ರಲ್ಲಿ ಈ ಫೈಬರ್‌ಗ್ಲಾಸ್ ತಟ್ಟೆಗಳನ್ನು ಕಟ್ಟಿದರಂತೆ. ಇಂಥ ಹಾಲ್‌ಗೆ ವಿಡಿಯೋ ಗೇಮ್ ಸಂಗೀತ ಹೇಗೆ ಬಂತು ಅಂತ ಕೇಳಿದ್ದಕ್ಕೆ ನಿನ್ನ ರೂಮ್‌ಮೇಟ್, 2022ರ ಆಗಸ್ಟ್ 1ರಂದು, ಪ್ರತಿ ಬೇಸಿಗೆ ಸಂಗೀತೋತ್ಸವ ನಡೆಸುವ ಬಿಬಿಸಿ ಪ್ರಾಮ್ಸ್‌ನವರೇ ಇಲ್ಲಿ ಒಂದು ಇಡೀ ಸಂಜೆಯನ್ನು ಆಟದ ಸಂಗೀತಕ್ಕೆ ಕೊಟ್ಟಿದ್ದರು, ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ನುಡಿಸಿತ್ತು ಅಂದಳು. ನಾವು ಕೇಳಿದ್ದು ‘ಡಿಸ್ಟಂಟ್ ವರ್ಲ್ಡ್ಸ್’, ನಿನ್ನ ‘ಫೈನಲ್ ಫ್ಯಾಂಟಸಿ’ ಆಟಗಳ ಸಂಗೀತದ ಕಛೇರಿ. ಆ ಆಟ ಹುಟ್ಟಿ 20 ವರ್ಷ ಆದಾಗ, 2007ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶುರುವಾಗಿ ಇನ್ನೂ ಊರೂರು ಸುತ್ತುತ್ತಲೇ ಇದೆ. ಇದೆಲ್ಲ ನಿನಗೆ ಗೊತ್ತಿರೋದೇ. ನನಗೆ ಹೊಸದು, ಅದಕ್ಕೇ ಬರೆದೆ.

ನಾನು ಪಿಟೀಲು ಕಲಿತವಳಲ್ವಾ, ಕಣ್ಣು ಮೊದಲು ಹೋಗಿದ್ದು ಅಲ್ಲಿಗೇ. ನಮ್ಮಲ್ಲಿ ಪಕ್ಕವಾದ್ಯಕ್ಕೆ ಒಂದು ಪಿಟೀಲು. ಇಲ್ಲಿ ಒಂದು ಸೈನ್ಯ. ಅಷ್ಟೂ ಕಮಾನುಗಳು ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಇಬ್ಬರಿಗೆ ಒಂದು ಸ್ಟ್ಯಾಂಡ್, ಸ್ಟ್ಯಾಂಡ್ ಮೇಲೆ ಒಂದು ಪೆನ್ಸಿಲ್. ಕಮಾನು ಎಲ್ಲಿ ಮೇಲೆ, ಎಲ್ಲಿ ಕೆಳಗೆ ಅನ್ನೋದನ್ನೂ ಮೊದಲೇ ಗುರುತು ಹಾಕಿಕೊಂಡಿರುತ್ತಾರೆ. ಹಾಳೆ ತಿರುಗಿಸುವ ಹೊತ್ತು ಬಂದಾಗ ಇಬ್ಬರಲ್ಲಿ ಒಳಗಡೆ ಕೂತವರು ನುಡಿಸೋದು ನಿಲ್ಲಿಸಿ, ಹಾಳೆ ಮಗುಚಿ, ಮತ್ತೆ ಸೇರಿಕೊಳ್ಳುತ್ತಾರೆ. ಹೊರಗಡೆಯವರು ನಿಲ್ಲಿಸುವ ಹಾಗಿಲ್ಲ. ನಾನು ಎಷ್ಟೋ ಹೊತ್ತು ಬರೀ ಇದನ್ನೇ ನೋಡುತ್ತಿದ್ದೆ. ಹಿಂದುಗಡೆ ಟಿಂಪನಿಯವನು, ಅದೇ ದೊಡ್ಡ ನಗಾರಿಯಂಥ ವಾದ್ಯದವನು, ಗದ್ದಲದ ನಡುವೆಯೇ ಬಗ್ಗಿ, ಚರ್ಮದ ಹತ್ತಿರ ಕಿವಿ ಇಟ್ಟು, ಬೆರಳಲ್ಲಿ ಮೆಲ್ಲಗೆ ತಟ್ಟಿ ಶ್ರುತಿ ನೋಡಿಕೊಳ್ಳುತ್ತಿದ್ದ. ಅವನನ್ನು ನೋಡಿ ಒಂದು ಥರಾ ಧೈರ್ಯ ಬಂತು. ನಮ್ಮವರೇ ಅನ್ನಿಸಿತು.

ಶ್ರುತಿಗೆ ತಂಬೂರಿ ಇಲ್ಲ. ಓಬೋ ಅನ್ನುವ ಊದುವ ವಾದ್ಯ ಒಂದು ಸ್ವರ ಹಿಡಿಯುತ್ತದೆ, ಎಲ್ಲರೂ ಅದಕ್ಕೆ ಕೂಡಿಸಿಕೊಳ್ಳುತ್ತಾರೆ, ಆಮೇಲೆ ಅದೂ ಇಲ್ಲ. ಆಧಾರ ಷಡ್ಜ ಇಲ್ಲದೆ ಕೂರೋದು ನನಗೆ ಸ್ವಲ್ಪ ಕಷ್ಟವೇ. ಆದರೆ ‘ಪ್ರಿಲ್ಯೂಡ್’ ಶುರುವಾಯಿತು ನೋಡು, ಹಾರ್ಪ್‌ನಲ್ಲಿ. ಸ ರಿ ಗ ಪ, ಸ ರಿ ಗ ಪ, ಸ ರಿ ಗ ಪ ಅಂತ ಒಂದೊಂದೇ ಸ್ಥಾಯಿ ಹತ್ತಿ, ತುದಿ ಮುಟ್ಟಿ, ಬಂದ ದಾರಿಯಲ್ಲೇ ಇಳಿಯಿತು. ಮೋಹನ ರಾಗ ಅಂತ ಖುಷಿಯಾಗಿ, ಉಳಿದ ಒಂದು ಸ್ವರ ಧೈವತಕ್ಕೆ ಕಾಯುತ್ತಿದ್ದೆ. ಅಷ್ಟರಲ್ಲಿ ಬುಡವೇ ಜರುಗಿ, ನಾನು ಕಾಯುತ್ತಿದ್ದ ಧೈವತವೇ ಹೊಸ ಷಡ್ಜದ ಹಾಗೆ ಕೂತು, ಅಲ್ಲಿಂದ ಇನ್ನೊಂದು ಏಣಿ ಶುರು. ಇದನ್ನು ನೀನು ಪಿಯುಸಿಯಲ್ಲಿ ರಾತ್ರಿಯೆಲ್ಲ ಹಾಕಿಕೊಂಡಿರುತ್ತಿದ್ದೆ. ಆಗ ಕೇಳಿದ್ದು ಕೀ ಕೀ ಅನ್ನುವ ಪೆಟ್ಟಿಗೆಯ ದನಿಯಲ್ಲಿ. ಸ್ವರ ಅವೇ, ಪುಟ್ಟಿ. ಒಂದೂ ಆಚೀಚೆ ಇಲ್ಲ.

ಆ ಪೆಟ್ಟಿಗೆಯ ಕಥೆಯನ್ನು ಇಂಟರ್ವಲ್‌ನಲ್ಲಿ ಕೇಳಿದೆ. ನಿಂಟೆಂಡೋ ಕಂಪನಿಯ ಆ ಹಳೇ ಗೇಮ್ ಯಂತ್ರದಲ್ಲಿ ದನಿಗೆ ಇದ್ದಿದ್ದು ಬರೀ 5 ದಾರಿ. ಎರಡರಲ್ಲಿ ರಾಗ, ಒಂದರಲ್ಲಿ ಮಂದ್ರ, ಒಂದರಲ್ಲಿ ಬರೀ ಸರಸರ ಸದ್ದು, ಅದೇ ತಾಳ. ಇನ್ನೊಂದರಲ್ಲಿ ರೆಕಾರ್ಡ್ ಮಾಡಿದ ಚೂರುಪಾರು. ಈ ಐದರಲ್ಲೇ ಪಾತ್ರ ನೆಗೆದ ಸದ್ದು, ಏಟು ಬಿದ್ದ ಸದ್ದೂ ಬರಬೇಕು. ನೆಗೆತ ಬಂದಾಗ ಸಂಗೀತದ ಒಂದು ದಾರಿ ಜಾಗ ಬಿಟ್ಟುಕೊಡಬೇಕು. ‘ಡ್ರ್ಯಾಗನ್ ಕ್ವೆಸ್ಟ್’ ಅಂತ 1986ರ ಆಟ ಇದೆಯಲ್ಲ, ಚಿತ್ರ, ಕಥೆ, ಸಂಗೀತ ಎಲ್ಲ ಸೇರಿ 64 ಕಿಲೋಬೈಟ್ ಅಂತೆ! ಅದಕ್ಕೆ ಸಂಗೀತ ಕೊಟ್ಟ ಕೊಯಿಚಿ ಸುಗಿಯಾಮಾ ಅಷ್ಟು ಹೊತ್ತಿಗೆ 50 ದಾಟಿದ, ಟಿವಿ ಜಾಹೀರಾತುಗಳಿಗೆ ಸಂಗೀತ ಮಾಡಿ ಹೆಸರಾದ ಮನುಷ್ಯ. ಶೋಗಿ ಅಂತ ಜಪಾನಿನ ಚದುರಂಗ, ಅದರ ಕಂಪ್ಯೂಟರ್ ಆಟ ಆಡಿ, ಅಭಿಪ್ರಾಯ ಬರೆದು ಕಂಪನಿಗೆ ಕಾರ್ಡ್ ಹಾಕಿದರಂತೆ. ಕಾರ್ಡ್ ಮೇಲಿನ ಹೆಸರು ನೋಡಿ ಕಂಪನಿಯವರೇ ಹುಡುಕಿಕೊಂಡು ಬಂದರು. 1987ರ ಆಗಸ್ಟ್ 20ರಂದು ಟೋಕಿಯೋದ ಸಂಟೋರಿ ಹಾಲ್‌ನಲ್ಲಿ ಆ ಆಟದ ಸಂಗೀತವನ್ನು ಅವರು ವಾದ್ಯವೃಂದದಲ್ಲಿ ನುಡಿಸಿದರು. ಇಂಥ ಕಛೇರಿಗಳೆಲ್ಲ ಶುರುವಾಗಿದ್ದು ಅಲ್ಲಿಂದ. ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯ ದಿನ ನೀನು ಫೋನ್ ಮಾಡಿ ‘ಅಮ್ಮಾ, ಬೇಗ ಟಿವಿ ಹಾಕು, ನನ್ನ ಆಟದ ಹಾಡು’ ಅಂದಿದ್ದೆಯಲ್ಲ, ಆ ದಿನ ಕ್ರೀಡಾಪಟುಗಳ ಮೆರವಣಿಗೆ ಶುರುವಾಗಿದ್ದೂ ಅವರ ಹಾಡಿನಿಂದಲೇ. ಅವರು ಅದೇ ವರ್ಷ, 2021ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

‘ಫೈನಲ್ ಫ್ಯಾಂಟಸಿ’ಗೆ ಸಂಗೀತ ಕೊಟ್ಟ ನಿನ್ನ ನೊಬುವೊ ಉಯೆಮಾತ್ಸು ಮೇಷ್ಟ್ರ ಹತ್ತಿರ ಕಲಿತವರೇ ಅಲ್ಲವಂತೆ, ಪಿಯಾನೋ ತಾವೇ ಕಲಿತದ್ದು. ನನಗೆ ಇದು ಹೊಟ್ಟೆಕಿಚ್ಚಿನ ವಿಷಯ. ಮುಂದಕ್ಕೆ ಹೋಗೋಣ.

ಈಗ ನಾನು ಹೇಳಬೇಕು ಅಂದುಕೊಂಡ ಮಾತು. ಮೊದಲ ಮೂರ್ನಾಲ್ಕು ಹಾಡು ಆದ ಮೇಲೆ ನನಗೆ ಏನೋ ಒಂದು ಕಸಿವಿಸಿ. ಎಲ್ಲವೂ ಕೊನೆಯಲ್ಲಿ ಭರ್ಜರಿಯಾಗಿ ಏರಿ, ತಾಳ ಢಣ್ ಅಂತ ಬಡಿದು, ನಿಲ್ಲುತ್ತಿದ್ದವು. ಹಾಡು ಒಂದು ಜಾತಿ, ಮುಕ್ತಾಯ ಇನ್ನೊಂದು ಜಾತಿ. ಅದನ್ನು ಹೇಳಿದಾಗ ನಿನ್ನ ರೂಮ್‌ಮೇಟ್ ನಕ್ಕು, ‘ಆಂಟಿ, ಆಟದಲ್ಲಿ ಇವುಗಳಿಗೆ ಕೊನೆಯೇ ಇಲ್ಲ’ ಅಂದಳು. ಆಡುವವರು ಒಂದು ಊರಲ್ಲಿ ಎರಡು ನಿಮಿಷ ಇರುತ್ತಾರೋ ಎರಡು ಗಂಟೆಯೋ, ಸಂಗೀತ ಬರೆಯುವವನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಹಾಡಿನ ಬಾಲವನ್ನು ತಲೆಗೇ ಕಟ್ಟಿಬಿಡುತ್ತಾರೆ. ಬಾಗಿಲು ದಾಟಿದಾಗ ಅರ್ಧ ಸಾಲಿಗೇ ಕತ್ತರಿಸಿ ಇನ್ನೊಂದು ಶುರು. ಅಂದರೆ ನಾನು ಕೇಳಿದ ಮುಕ್ತಾಯಗಳೆಲ್ಲ ಕಛೇರಿಗೋಸ್ಕರ ಕೂತು ಬರೆದವು. ನೀನು ಗಂಟೆಗಟ್ಟಲೆ ಕೇಳಿದ ಹಾಡಿಗೆ ಒಂದು ಕೊನೆ ಇದೆ ಅಂತ ನಿನಗೇ ಗೊತ್ತಿಲ್ಲ!

ಇದು ಗೊತ್ತಾದ ಮೇಲೆ ನನ್ನ ಕಿವಿ ಸರಿಹೋಯಿತು. ಯಾಕೆಂದರೆ ಇದು ನನಗೆ ಹೊಸದಲ್ಲ. ನಮ್ಮ ಕೃತಿಯೂ ಪಲ್ಲವಿಗೆ ವಾಪಸ್ ಬರುತ್ತಲೇ ಇರುತ್ತದೆ. ನೆರವಲ್‌ಗೆ ತಗೊಂಡ ಸಾಲನ್ನು ಬಗೆಬಗೆಯಾಗಿ ತಿರುಗಿಸಿ ಎಷ್ಟು ಸಲ ಹಾಡಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗೆ ನಿನ್ನನ್ನು ಕರಕೊಂಡು ಹೋದಾಗ ‘ಹೇಳಿದ್ದೇ ಹೇಳ್ತಾರಲ್ಲಮ್ಮ’ ಅಂತ ತೊಡೆ ಮೇಲೆ ನಿದ್ದೆ ಹೋಗಿದ್ದೆ. ಅದೇ ನೀನು ಆಮೇಲೆ ಒಂದೇ ಹಾಡನ್ನು ಇಡೀ ಬೇಸಿಗೆ ರಜೆ ಕೇಳಿದೆ.

ಇನ್ನೊಂದು ನೆನಪಾಯಿತು. ನಮ್ಮ ಮನೆಯಲ್ಲಿ ಟಿವಿಗೆ ಸಿಕ್ಕಿಸುವ ಗೇಮ್ ಇತ್ತಲ್ಲ, ಕ್ಯಾಸೆಟ್ ಹಾಕಿ ಆಡೋದು. ನೀನು ಮಾರಿಯೋ ಆಡುತ್ತಿದ್ದರೆ ನಾನು ಅಡುಗೆಮನೆಯಲ್ಲಿ. ಟೈಮ್ ಮುಗಿಯುತ್ತಾ ಬಂದ ತಕ್ಷಣ ಆ ಹಾಡಿನ ಕಾಲ ದುಡುಕುತ್ತಿತ್ತು. ಇವಳು ಈಗ ಕಿರುಚುತ್ತಾಳೆ ಅಂತ ನನಗೆ ಒಗ್ಗರಣೆ ಹಾಕುತ್ತಲೇ ಗೊತ್ತಾಗುತ್ತಿತ್ತು. ಆ ಹಾಡು ನೀನು ಏನು ಮಾಡುತ್ತಿದ್ದೀಯ ಅಂತ ನೋಡಿಕೊಂಡು ನಡೆಯುತ್ತಿತ್ತು. ಒಳ್ಳೇ ಪಕ್ಕವಾದ್ಯದವರು ಮಾಡೋದೂ ಅದನ್ನೇ. ಗಾಯಕರು ಎಲ್ಲಿಗೆ ಹೋಗುತ್ತಾರೆ ಗೊತ್ತಿಲ್ಲ, ಒಂದು ಉಸಿರು ಹಿಂದೆ ಇದ್ದು ಹಿಂಬಾಲಿಸಬೇಕು. ಹಾಲ್‌ನಲ್ಲಿ ಅದೊಂದು ಇರಲಿಲ್ಲ. ಕಂಡಕ್ಟರ್ ಕೈ ಎತ್ತಿದರು, ಶುರು. ಇಳಿಸಿದರು, ಮುಗಿಯಿತು. ಯಾರಿಗೂ ಕಾಯಲಿಲ್ಲ.

ಏರಿತ್ ಅಂತ ‘ಫೈನಲ್ ಫ್ಯಾಂಟಸಿ’ಯ ಒಬ್ಬ ಹುಡುಗಿ, ಅವಳ ಹಾಡಿನಲ್ಲಿ ಇದು ನನಗೆ ತುಂಬಾ ತಟ್ಟಿತು. ಆಟದಲ್ಲಿ ಅವಳು ಸಾಯುವಾಗ ಈ ಹಾಡು ಶುರುವಾಗುತ್ತದೆ. ಹಿಂದೆಯೇ ಒಂದು ಯುದ್ಧ ಬರುತ್ತದೆ, ಆದರೆ ಯುದ್ಧದ ಸಂಗೀತ ಬರೋದಿಲ್ಲ, ಇದೇ ಹಾಡು ಮುಂದುವರಿಯುತ್ತದೆ ಅಂತ ನಿನ್ನ ರೂಮ್‌ಮೇಟ್ ಪಿಸುಗುಟ್ಟಿದಳು. ಆಡುವವರು ಅಳುತ್ತಲೇ ಗುಂಡಿ ಒತ್ತಬೇಕು, ಅಲ್ವಾ? 1997ರಲ್ಲಿ ಇದನ್ನು ಯೋಚಿಸಿದವರ ತಲೆಗೆ ನಮಸ್ಕಾರ. ನಿನ್ನೆ ಕೊಳಲು, ಪಿಟೀಲು ಎಲ್ಲ ಸೇರಿ ನಿಧಾನಕ್ಕೆ ನುಡಿಸಿದರು. ಸುತ್ತಮುತ್ತ ಮೂಗು ಒರೆಸುವ ಸದ್ದು. ಮುಂದಿನ ಸಾಲಿನ ಹಳದಿ ಕೂದಲಿನ ಹುಡುಗ ಬಿಕ್ಕುತ್ತಿದ್ದ, ಅವನ ಅಪ್ಪ ಇರಬೇಕು, ಬೆನ್ನು ಸವರುತ್ತಿದ್ದರು. ನನಗೆ ಅವಳು ಯಾರೋ. ಆದರೂ ಪಿಟೀಲುಗಳು ಆ ಕೊನೇ ಸ್ವರಕ್ಕೆ ಬಂದು ನಿಂತಾಗ, ಅಯ್ಯೋ ಇನ್ನೊಂದು ಸುತ್ತು ಬರಬಾರದಿತ್ತೇ ಅನ್ನಿಸಿತು. ಇಲ್ಲಿ ಮಾತ್ರ ಢಣ್ ಢಣ್ ಇರಲಿಲ್ಲ. ಪುಣ್ಯ.

ಒಂದು ದೂರು ಇದೆ. ಮೇಲೆ ಅಷ್ಟು ದೊಡ್ಡ ಸ್ಕ್ರೀನ್ ಹಾಕಿ ಆಟದ ದೃಶ್ಯ ಯಾಕೆ ತೋರಿಸುತ್ತಾರೆ? ಎಲ್ಲರಿಗೂ ಬಾಯಿಪಾಠ ಇರುವ ದೃಶ್ಯಗಳು. ವಾದ್ಯ ನುಡಿಸುವ ಅಷ್ಟು ಜನ ಕಣ್ಣೆದುರಿಗೇ ಇರುವಾಗ ಎಲ್ಲರ ಕತ್ತು ಮೇಲಕ್ಕೆ. ನಾನು ಬೇಕಂತಲೇ ಕೆಳಗೆ ನೋಡುತ್ತಾ ಕೂತೆ. ನೀನು ಬಂದಿದ್ದರೆ ಇದಕ್ಕೆ ಜಗಳ ಆಗುತ್ತಿತ್ತು, ಗೊತ್ತು.

ಕೊನೆಗೆ ಅದೇ ಆಟದ ಖಳನಾಯಕ ಸೆಫಿರಾತ್‌ನ ಹಾಡು, ‘ವನ್ ವಿಂಗ್ಡ್ ಏಂಜೆಲ್’. ಲ್ಯಾಟಿನ್‌ನಲ್ಲಿ ಕೋರಸ್. ಸುಮ್ನೆ ಸಣ್ಣ ಸಣ್ಣ ತುಣುಕು ಬರೆದಿಟ್ಟುಕೊಂಡು, ಆಮೇಲೆ ಹೇಗೆ ಹೇಗೋ ಜೋಡಿಸಿ ಉಯೆಮಾತ್ಸು ಇದನ್ನು ಮಾಡಿದ್ದಂತೆ. ಕೇಳಿದರೆ ಹೌದು, ಬೆಸುಗೆ ಕಾಣಿಸುತ್ತದೆ. ಆದರೆ ಆ ಬೆಸುಗೆಯಲ್ಲೇ ಮಜಾ ಇರೋದು. ಕಂಡಕ್ಟರ್ ನಮ್ಮ ಕಡೆ ತಿರುಗಿ, ಹಾಡಿನ ನಡುವೆ ನೀವೂ ಕೂಗಬೇಕು ಅಂದರು. ಸಾವಿರಾರು ಜನ ಒಟ್ಟಿಗೆ ‘ಸೆಫಿರಾತ್!’ ನಾನೂ ಕೂಗಿದೆ. ಅವನು ಏರಿತ್‌ಳನ್ನು ಕೊಂದವನು ಅಂತ ಆಮೇಲೆ ಗೊತ್ತಾಯಿತು. ಮೊದಲೇ ಗೊತ್ತಿದ್ದರೆ ಕೂಗುತ್ತಿರಲಿಲ್ಲ.

ಟ್ಯೂಬ್‌ನಲ್ಲಿ ವಾಪಸ್ ಬರುವಾಗ ನನ್ನ ಪಕ್ಕವಾದ್ಯದ ಮಾತು ಕೇಳಿ ನಿನ್ನ ರೂಮ್‌ಮೇಟ್ ಇನ್ನೊಂದು ಹೇಳಿದಳು. ‘ಜರ್ನಿ’ ಅಂತ 2012ರ ಆಟ, ಮರಳುಗಾಡಿನಲ್ಲಿ ನಡೆಯೋದು, ಸಂಗೀತ ಆಸ್ಟಿನ್ ವಿಂಟೊರಿ. ಶಿಕಾಗೋದ ಫಿಫ್ತ್ ಹೌಸ್ ಅನ್ನುವ ಚಿಕ್ಕ ತಂಡ ಅದನ್ನು ವೇದಿಕೆ ಮೇಲೆ ಬೇರೆ ಥರ ಮಾಡಿದೆಯಂತೆ. ಒಬ್ಬರು ಅಲ್ಲೇ ಕೂತು ಆಟ ಆಡುತ್ತಾರೆ, ವಾದ್ಯದವರು ಅವರನ್ನು ನೋಡಿಕೊಂಡು ನುಡಿಸುತ್ತಾರೆ. ಆಡುವವರು ನಿಂತರೆ ಇವರೂ ಅಲ್ಲೇ ಸುತ್ತಬೇಕು, ಹೊರಟರೆ ಹೊರಡಬೇಕು. ಕೇಳುತ್ತಲೇ ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. ಅದಪ್ಪಾ ಕಛೇರಿ! ಪಿಟೀಲಿನವರಿಗೆ ಎಷ್ಟು ಕಷ್ಟ, ಎಷ್ಟು ಖುಷಿ ಇರಬೇಕು.

ಪ್ರೋಗ್ರಾಂ ಪುಸ್ತಕ ಮೇಜಿನ ಮೇಲಿದೆ. ಯಾವ ಹಾಡು ಯಾವ ರಾಗದ ಹಾಗೆ ಕೇಳಿಸಿತು ಅಂತ ಪಕ್ಕದಲ್ಲಿ ಬರೆದಿದ್ದೇನೆ, ನಗಬೇಡ. ಡಿಸೆಂಬರ್‌ನಲ್ಲಿ ಮೈಸೂರಿಗೆ ಬರುವಾಗ ಆ ‘ಜರ್ನಿ’ ತಗೊಂಡು ಬಾ. ಆಟ ನೀನು ಆಡು. ನಾನು ಹೇಳಿದಾಗ ಮಾತ್ರ ಒಂದೇ ಜಾಗದಲ್ಲಿ ಹತ್ತು ನಿಮಿಷ ಅಲ್ಲಾಡದೆ ನಿಲ್ಲಿಸಬೇಕು. ಸಂಗೀತ ಆಗ ಏನು ಮಾಡುತ್ತದೆ ಅಂತ ನನಗೆ ನೋಡಬೇಕಿದೆ.

ನಿನ್ನ
ಅಮ್ಮ